ಕೋಟಿನ ಜೇಬಿಗೆ ಕತ್ತರಿ ಹಾಕುವ ಮುನ್ನ: ಡಬಲ್ ಬೋನ್ ಇಡಲೇ, ಪ್ಯಾಚ್ ಸಾಕೇ?

ತುಂಗಾತೀರ (ಶಿವಮೊಗ್ಗ)
ಎಲ್ಲರಿಗೂ ನಮಸ್ಕಾರ. ತಮ್ಮನ ಆರತಕ್ಷತೆಗೆ ಕೋಟು ಹೊಲಿಯುತ್ತಿದ್ದೇನೆ. ಬ್ಲೌಸು, ಚೂಡಿದಾರ್, ಮಕ್ಕಳ ಫ್ರಾಕುಗಳಲ್ಲಿ ಕೈ ಪಳಗಿದೆ, ಕೋಟು ಮಾತ್ರ ಇದೇ ಮೊದಲು. ಬಟ್ಟೆ ಕಡುನೀಲಿ ಟೆರಿವೂಲ್, ಹತ್ತಿರ ನಿಂತು ನೋಡಿದರಷ್ಟೇ ಕಾಣುವ ತೆಳುವಾದ ಚೌಕಳಿ. ಎದೆ ಸುತ್ತಳತೆ 40, ಎರಡು ಗುಂಡಿ. ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡಿಯಾಯಿತು, ಭುಜ ಚೆನ್ನಾಗಿ ಕುಳಿತಿದೆ.

ಈಗ ಜೇಬಿನ ಸರದಿ. ಬ್ಲೌಸಿನಲ್ಲಿ ಎಡವಿದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಇಲ್ಲಿ ಮುಂಭಾಗದ ನಟ್ಟನಡುವೆ ಕತ್ತರಿ ಆಡಿಸಬೇಕು. ಉಳಿದಿರುವ ಬಟ್ಟೆ ಅರ್ಧ ಮೀಟರಿಗೂ ಕಡಿಮೆ, ಇನ್ನೊಂದು ಮುಂಭಾಗಕ್ಕೆ ಸಾಲದು. ಡಬಲ್ ಬೋನ್ (ಬಟ್ಟೆ ಸೀಳಿ, ಸೀಳಿನ ಎರಡು ಅಂಚಿಗೂ ಪಟ್ಟಿಯ ತುಟಿ) ಮಾಡಿ ಮೇಲೆ ಮುಚ್ಚಳದಂತೆ ಫ್ಲ್ಯಾಪ್ ಇಡಲೇ, ಬಟ್ಟೆಯ ಮೇಲೇ ಹೊಲಿಯುವ ಪ್ಯಾಚ್ ಜೇಬು ಕೂರಿಸಿ ಸುಮ್ಮನಾಗಲೇ? ಬೋನ್ ಆದರೆ ಮುಂಭಾಗಕ್ಕೆ ಒಳಗಿನಿಂದ ಆಸರೆ ಕೊಡುವ ಕ್ಯಾನ್ವಾಸ್ ಸೇರಿಸುವ ಮೊದಲೋ, ನಂತರವೋ? ಮೂಲೆಯಲ್ಲಿ ತೂತು ಬೀಳದಂತೆ ಏನು ಮಾಡುತ್ತೀರಿ? ವಿಡಿಯೊಗಳಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೂಲೆ ಕತ್ತರಿಸುವ ಹೊತ್ತಿಗೆ ಸರಿಯಾಗಿ ಎಲ್ಲರ ಕೈಯೂ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ.

ಮಳೆಗಾಲ
ಪ್ಯಾಚ್ ಹಾಕಿಬಿಡಿ ಅಕ್ಕಾ. ಕತ್ತರಿಸುವ ಗೋಜೇ ಇಲ್ಲ.

ಹಳೆಯ ಸಿಂಗರ್ (ಹುಬ್ಬಳ್ಳಿ)
ತಂಗೀ, ಕ್ಯಾನ್ವಾಸಿಗೆ ಮೊದಲೇ ಜೇಬು. ಇದರಲ್ಲಿ ಎರಡು ಮಾತಿಲ್ಲ. ಮುಂಭಾಗದ ಡಾರ್ಟ್ (ಸೊಂಟಕ್ಕೆ ಹೊಂದಲು ಹಿಡಿಯುವ ಮಡಿಕೆ) ಮುಚ್ಚಿ, ಪಕ್ಕದ ತುಂಡನ್ನು ಜೋಡಿಸಿ, ಆ ಹೊಲಿಗೆಯನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಹಾಕಿ. ಜೇಬಿನ ಬಾಯಿ ಆ ಹೊಲಿಗೆಯನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಅದು ಮೊದಲೇ ಮುಗಿದಿರಬೇಕು. ಆಮೇಲೆ ಜೇಬು, ಆಮೇಲೆ ಕ್ಯಾನ್ವಾಸ್. ಕ್ಯಾನ್ವಾಸ್ ಬಂದ ಮೇಲೆ ಜೇಬಿನ ಚೀಲದ ಅಂಚನ್ನು ಅದಕ್ಕೆ ಸಡಿಲವಾದ ಕೈಹೊಲಿಗೆಯಲ್ಲಿ ಹಿಡಿದುಬಿಡಿ. ಭಾರವೆಲ್ಲ ಕ್ಯಾನ್ವಾಸಿನ ಮೇಲೆ ಬೀಳುತ್ತದೆ, ಮೇಲಿನ ಬಟ್ಟೆ ಜಗ್ಗುವುದಿಲ್ಲ.

ಗುರುತಿನ ವಿಷಯ. ಟ್ರಯಲ್‌ನಲ್ಲಿ ಜೇಬಿನ ಗೆರೆಯನ್ನೂ ಎಳೆದಿದ್ದೀರಾ? ಎಳೆಯದಿದ್ದರೆ ಇನ್ನೊಮ್ಮೆ ತಮ್ಮನಿಗೆ ತೊಡಿಸಿ. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನ ಗುಂಡಿಯ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ತುಸು ಮೇಲೆ ಜೇಬಿನ ಬಾಯಿ ಬರುತ್ತದೆ. ಮುಂದಿನ ತುದಿ ಡಾರ್ಟಿಗಿಂತ ಮುಕ್ಕಾಲು ಇಂಚು ಮುಂದೆ, ಅಲ್ಲಿಂದ ಹಿಂದಕ್ಕೆ 6 ಇಂಚು. ಮೊಣಕೈ ಸ್ವಲ್ಪವೇ ಮಡಿಸಿದರೆ ಕೈ ಒಳಗೆ ಹೋಗಬೇಕು. ಕುಳ್ಳಗಿರುವವರಿಗೆ ಜೇಬು ಕೆಳಗಿಟ್ಟರೆ ಕಾಲು ಇನ್ನೂ ಗಿಡ್ಡವಾಗಿ ಕಾಣುತ್ತದೆ. ಹೊಟ್ಟೆ ಇರುವವರಿಗೆ ಟ್ರಯಲ್ ನೋಡದೆ ಗೆರೆ ಎಳೆದರೆ ಮುಂದಿನ ತುದಿ ಮೇಲೆದ್ದು ನಿಲ್ಲುತ್ತದೆ.

ಪ್ಯಾಚ್ ಸುಲಭ ಎಂದವರಿಗೆ ಆಮೇಲೆ ಉತ್ತರ ಕೊಡುತ್ತೇನೆ. ಚಹಾ ಆರುತ್ತಿದೆ.

ಪೀಣ್ಯ ಪಾಳಿ
ಹುಬ್ಬಳ್ಳಿ ಮೇಷ್ಟ್ರ ಕ್ರಮ ಸರಿ. ಆದರೆ ಅವರು ಹೇಳದೆ ಬಿಟ್ಟದ್ದು: ಜೇಬಿನ ಗೆರೆಯ ಹಿಂದೆ ಒಂದು ಪೇಸ್ಟಿಂಗ್ ಪಟ್ಟಿ (ಇಸ್ತ್ರಿಯ ಶಾಖಕ್ಕೆ ಅಂಟುವ ಗೋಂದಿನ ಬಟ್ಟೆ) ಅಂಟಿಸಿ. ಎರಡಿಂಚು ಅಗಲ, ಬಾಯಿಗಿಂತ ಎರಡೂ ಕಡೆ ಒಂದಿಂಚು ಉದ್ದ. ಟೆರಿವೂಲ್ ಕತ್ತರಿಸಿದ ಕೂಡಲೇ ಎಳೆ ಬಿಡಲು ಆರಂಭಿಸುತ್ತದೆ. ಪೇಸ್ಟಿಂಗ್ ಇದ್ದರೆ ಎಳೆ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಜೇಬಿಗೆಂದೇ ಒಂದು ಯಂತ್ರವಿದೆ. ಬೋನ್ ಪಟ್ಟಿ, ಫ್ಲ್ಯಾಪ್ ಎಲ್ಲವನ್ನೂ ಇಟ್ಟು ಗುಂಡಿ ಒತ್ತಿದರೆ ಎರಡು ಸೂಜಿ ಒಟ್ಟಿಗೆ ಓಡುತ್ತವೆ, ನಡುವೆ ಚಾಕು ಸೀಳುತ್ತದೆ, ತುದಿಯಲ್ಲಿ ಮೂಲೆಯ ಚಾಕುಗಳು ಕೆಳಗಿನಿಂದ ಎದ್ದು ತ್ರಿಕೋನ ಕತ್ತರಿಸುತ್ತವೆ. ಕೆಲವೇ ಸೆಕೆಂಡಿನ ಕೆಲಸ.

ಹಳೆಯ ಸಿಂಗರ್ (ಹುಬ್ಬಳ್ಳಿ)
ಪೇಸ್ಟಿಂಗ್! ನಾಲ್ಕು ಸಲ ಡ್ರೈಕ್ಲೀನ್‌ಗೆ ಹೋಗಿಬಂದ ಮೇಲೆ ಜೇಬಿನ ಸುತ್ತ ಹಪ್ಪಳದ ಹಾಗೆ ಗುಳ್ಳೆ ಏಳುತ್ತದಲ್ಲ, ಅದನ್ನು ನೋಡಿದ್ದೀರಾ? ಪಟ್ಟಿ ಬೇಕು, ನಾನೂ ಒಪ್ಪುತ್ತೇನೆ. ಲಿನನ್ ಇಡಿ, ಸಿಗದಿದ್ದರೆ ತೊಳೆದು ಹಳತಾದ ತೆಳು ಹತ್ತಿ ಬಟ್ಟೆ ಇಡಿ, ಕಚ್ಚಾ ಹೊಲಿಗೆಯಲ್ಲಿ ಹಿಡಿಯಿರಿ. ಅದರ ಮುಂದಿನ ತುದಿಯನ್ನು ಉದ್ದ ಬಿಟ್ಟು ಕ್ಯಾನ್ವಾಸಿಗೆ ಸೇರಿಸಿದರೆ ಜೇಬು ಜೋತುಬೀಳುವುದಿಲ್ಲ. ಗೋಂದಿನಿಂದ ಕೋಟು ಆಗುವುದಿಲ್ಲ.

ಪೀಣ್ಯ ಪಾಳಿ
ಗುಳ್ಳೆ ಏಳುವುದು ಪೇಸ್ಟಿಂಗ್‌ನ ತಪ್ಪಲ್ಲ ಮೇಷ್ಟ್ರೇ. ಶಾಖ, ಒತ್ತಡ, ಸಮಯ ಮೂರರಲ್ಲಿ ಯಾವುದಾದರೂ ಕಡಿಮೆಯಾಗಿರುತ್ತದೆ. ನಮ್ಮ ಫ್ಯೂಸಿಂಗ್ ಯಂತ್ರದಲ್ಲಿ ಮೂರನ್ನೂ ನಿಗದಿ ಮಾಡಿರುತ್ತೇವೆ.

ಹಳೆಯ ಸಿಂಗರ್ (ಹುಬ್ಬಳ್ಳಿ)
ತಂಗಿಯ ಮನೆಯಲ್ಲಿ ಫ್ಯೂಸಿಂಗ್ ಯಂತ್ರ ಇದೆಯೇ? ಇಸ್ತ್ರಿಪೆಟ್ಟಿಗೆಯಲ್ಲಿ ಎಷ್ಟು ಒತ್ತಡ ಕೊಡುತ್ತಾರೆ, ಮೇಲೆ ಹತ್ತಿ ನಿಂತುಕೊಳ್ಳಬೇಕೇ?

ಎರಡೆಳೆ (ಮೈಸೂರು)
ಇಬ್ಬರೂ ಗೆದ್ದಿರಿ ಎಂದುಕೊಳ್ಳಿ. ನಾನು ಉದ್ದಕ್ಕೂ ಹತ್ತಿ ಪಟ್ಟಿ ಇಡುತ್ತೇನೆ. ತ್ರಿಕೋನ ಬರುವ ಎರಡು ತುದಿಗಳಲ್ಲಿ ಮಾತ್ರ ಹೆಬ್ಬೆರಳಿನ ಅಗಲದ ತೆಳುವಾದ ಪೇಸ್ಟಿಂಗ್ ಚೂರು. ತುಂಡು ಚಿಕ್ಕದಾದ್ದರಿಂದ ಗುಳ್ಳೆ ಎದ್ದರೂ ಹೊರಗೆ ತೋರುವುದಿಲ್ಲ.

ಶಿವಮೊಗ್ಗದ ಅಕ್ಕನಿಗೆ ಒಂದು ಪ್ರಶ್ನೆ. ಬ್ಲೌಸಿನ ಕತ್ತಿಗೆ ಪೈಪಿಂಗ್ ಇಡುತ್ತೀರಿ ತಾನೇ? ಹಾಗಾದರೆ ಬೋನ್ ನಿಮಗೆ ಹೊಸದೇನಲ್ಲ, ಹೆದರುತ್ತಿರುವುದೇಕೆ?

ತುಂಗಾತೀರ (ಶಿವಮೊಗ್ಗ)
ಪೈಪಿಂಗ್ ಕಣ್ಣುಮುಚ್ಚಿ ಇಡುತ್ತೇನೆ. ಹಾಗಾದರೆ ಬೋನ್ ಪಟ್ಟಿಯನ್ನೂ ಓರೆಯಾಗಿ ಕತ್ತರಿಸಬೇಕೇ?

ಎರಡೆಳೆ (ಮೈಸೂರು)
ಅಯ್ಯೋ, ಬೇಡ! ಪೈಪಿಂಗ್ ಕತ್ತಿನ ತಿರುವಿಗೆ ಬಾಗಬೇಕು, ಆದ್ದರಿಂದ ಓರೆ. ಜೇಬಿನ ಬಾಯಿ ಬಾಗುವ ಹಾಗಿಲ್ಲ, ಹಿಗ್ಗುವ ಹಾಗೂ ಇಲ್ಲ. ಹಾಸಿನ ಎಳೆಯ ಉದ್ದಕ್ಕೆ ನೇರವಾಗಿ ಕತ್ತರಿಸಿ, 8 ಇಂಚು ಉದ್ದ, ಎರಡಿಂಚು ಅಗಲ. ಓರೆ ಪಟ್ಟಿ ಇಟ್ಟರೆ ಕೈ ಹಾಕಿ ತೆಗೆದು ಹಾಕಿ ತೆಗೆದು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ.

ಬೆಣ್ಣೆದೋಸೆ
ಚೌಕಳಿ ಬಟ್ಟೆಗೆ ಓರೆ ಬೋನ್ ಇಡುವವರೂ ಇದ್ದಾರೆ. ಗೆರೆ ಹೊಂದಿಸುವ ತಲೆನೋವು ತಪ್ಪುತ್ತದೆ, ನೋಡಲೂ ಚೆಂದ.

ಎರಡೆಳೆ (ಮೈಸೂರು)
ಇದ್ದಾರೆ. ಅಂಥವರು ಹಿಂದೆ ಗಟ್ಟಿಯಾದ ಆಸರೆ ಕೊಟ್ಟಿರುತ್ತಾರೆ. ಮೊದಲ ಕೋಟಿಗೆ ಬೇಡ.

ಕಪ್ಪುಕೋಟು (ಬೆಂಗಳೂರು)
ವಕೀಲನ ಮಾತನ್ನೂ ಸ್ವಲ್ಪ ಕೇಳಿ. ನಮ್ಮಷ್ಟು ಹೊತ್ತು ಕೋಟು ತೊಡುವವರು ಊರಿನಲ್ಲಿ ಇನ್ನಾರೂ ಇಲ್ಲ. ಬೇಸಿಗೆಯಲ್ಲಿ ಕೆಳ ನ್ಯಾಯಾಲಯಗಳಲ್ಲಿ ಕೋಟಿನಿಂದ ವಿನಾಯಿತಿ ಇದೆ, ಹೈಕೋರ್ಟಿನಲ್ಲಿ ಅದೂ ಇಲ್ಲ. ಒಂದು ಜೇಬಿನಲ್ಲಿ ಮೊಬೈಲ್, ಇನ್ನೊಂದರಲ್ಲಿ ಬೈಕಿನ ಕೀಲಿ, ಕತ್ತಿಗೆ ಕಟ್ಟುವ ಬಿಳಿ ಬ್ಯಾಂಡ್ ಮಡಿಸಿಟ್ಟದ್ದು, ವಿಳಾಸದ ಚೀಟಿಗಳು. ವರ್ಷದೊಳಗೆ ಜೇಬಿನ ಎರಡು ತುದಿಯೂ ಕಿತ್ತುಬರುತ್ತವೆ. ಬಟ್ಟೆ ಹೊಚ್ಚಹೊಸದಾಗಿಯೇ ಇರುತ್ತದೆ. ಇದಕ್ಕೆ ಮದ್ದಿದೆಯೇ?

ಹಳೆಯ ಸಿಂಗರ್ (ಹುಬ್ಬಳ್ಳಿ)
ಇದೆ ವಕೀಲರೇ, ರೇಷ್ಮೆ ದಾರದಲ್ಲಿ ಅರ್ಧಚಂದ್ರದ ಟಾಕು. ಬೋನಿನ ಎರಡು ತುದಿಗಳಲ್ಲಿ, ಮೇಲಿನ ಬೋನಿನಿಂದ ಕೆಳಗಿನ ಬೋನಿಗೆ ಪುಟ್ಟ ಕಮಾನಿನ ಆಕಾರಕ್ಕೆ ಒತ್ತೊತ್ತಾಗಿ ಕೈಹೊಲಿಗೆ. ಒಳಗಿನ ಪಟ್ಟಿಯವರೆಗೂ ಸೂಜಿ ಇಳಿಯಬೇಕು. ದಾರವನ್ನು ಮೊದಲು ಜೇನುಮೇಣದ ಮೇಲೆ ಎಳೆದುಕೊಳ್ಳಿ, ಸಿಕ್ಕಾಗುವುದಿಲ್ಲ. ಸಿದ್ಧ ಉಡುಪುಗಳಲ್ಲಿ ಯಂತ್ರದ ಅಡ್ಡಟಾಕು ಇರುತ್ತದೆ, ಅದೂ ಗಟ್ಟಿಯೇ. ಎರಡೂ ಇಲ್ಲದ ಕೋಟಿಗೆ ಕಾಸು ಕೊಟ್ಟು ಬಂದಿದ್ದರೆ ನೀವೇ ಒಂದು ದಾವೆ ಹೂಡಿ.

ಬೈಕಿನ ಕೀಲಿಯನ್ನು ಕೋಟಿಗೆ ಹಾಕಬೇಡಿ. ಪ್ಯಾಂಟಿಗೂ ಜೇಬಿದೆ.

ಕಪ್ಪುಕೋಟು (ಬೆಂಗಳೂರು)
ಪ್ಯಾಂಟಿನಲ್ಲಿ ಇಟ್ಟರೆ ಕುಳಿತಾಗ ಚುಚ್ಚುತ್ತದೆ ಸ್ವಾಮಿ. ಮಧ್ಯಾಹ್ನದವರೆಗೆ ಕುಳಿತೇ ಇರುತ್ತೇವೆ, ಕೊನೆಗೆ ಸಿಗುವುದು ಮುಂದಿನ ತಾರೀಖು.

ಮಳೆಗಾಲ
ಅದಕ್ಕೇ ಪ್ಯಾಚ್ ಎಂದದ್ದು. ಮೂಲೆ ಇಲ್ಲ, ತೂತು ಇಲ್ಲ, ಕಿತ್ತುಬರುವುದೂ ಇಲ್ಲ.

ಹಳೆಯ ಸಿಂಗರ್ (ಹುಬ್ಬಳ್ಳಿ)
ಬಂದಿರಾ, ನಿಮಗೇ ಕಾಯುತ್ತಿದ್ದೆ. ಬೋನ್ ಜೇಬಿನಲ್ಲಿ ಹೊರಗೆ ಕಾಣುವುದು ಎರಡೂ ಸೇರಿ ಅರ್ಧ ಇಂಚಿನ ತುಟಿ, ಮೇಲೊಂದು ಫ್ಲ್ಯಾಪ್. ಪ್ಯಾಚ್ ಜೇಬು ಮುಂಭಾಗದ ಕಾಲುಪಾಲನ್ನು ಆಕ್ರಮಿಸಿಕೊಂಡು ಕುಳಿತಿರುತ್ತದೆ. ಎಡಗಡೆಯ ತಿರುವು ದುಂಡಗೆ, ಬಲಗಡೆಯದು ಚೂಪು ಎಂದರೆ ಬಾಗಿಲಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ಅದಕ್ಕೆ ಗಟ್ಟಿ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಅಂಚನ್ನು ಅದರ ಮೇಲೆ ಮಡಿಸಿ ಇಸ್ತ್ರಿ ಹಾಕಬೇಕು.

ಇನ್ನೊಂದು ಮಾತು ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಸೊಂಟದ ಕೆಳಗೆ ಮೈ ಉಬ್ಬಿರುತ್ತದೆ, ಮೇಜು ಚಪ್ಪಟೆ. ಪ್ಯಾಚನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಕೂರಿಸಿ ಹೊಲಿದರೆ ತೊಟ್ಟಾಗ ಬಿಗಿಯುತ್ತದೆ, ಸುತ್ತಲೂ ಬಟ್ಟೆ ಸುಕ್ಕುಗಟ್ಟುತ್ತದೆ. ದಪ್ಪ ಟವೆಲನ್ನು ಬಿಗಿಯಾಗಿ ಸುತ್ತಿ, ಅದರ ಉಬ್ಬಿನ ಮೇಲೆ ಮುಂಭಾಗವನ್ನು ಹಾಸಿ, ಅಲ್ಲಿ ಪ್ಯಾಚ್ ಇಟ್ಟು ಕಚ್ಚಾ ಹೊಲಿಗೆ ಹಾಕಬೇಕು. ಪ್ಯಾಚಿಗೆ ಅಗಲದಲ್ಲಿ ಒಂದು ನೂಲಿನಷ್ಟು (ಇಂಚಿನ ಎಂಟನೇ ಒಂದು ಭಾಗ) ಸಡಿಲ ಉಳಿಯುತ್ತದೆ, ತೊಟ್ಟಾಗ ಅದು ಮೈಗೆ ಹೊಂದಿಕೊಳ್ಳುತ್ತದೆ.

ಚೌಕಳಿ ಬೇರೆ. ಪ್ಯಾಚಿನ ಗೆರೆ ಮೇಲಿನ ಗೆರೆಯೊಡನೆ ನಾಲ್ಕೂ ಕಡೆ ಕೂಡಬೇಕು. ಈಗ ಹೇಳಿ, ಯಾವುದು ಸುಲಭ?

ಮಳೆಗಾಲ
ಸೋತೆ. ನನ್ನ ಮಗನ ಶಾಲೆಯ ಅಂಗಿಗೆ ಹಾಕಿದ ಅನುಭವದಲ್ಲಿ ಹೇಳಿದ್ದೆ.

ಮುಖ್ಯರಸ್ತೆ
ಆದರೂ ಮೇಷ್ಟ್ರೇ, ಪ್ಯಾಚಿನಲ್ಲಿ ಕೆಟ್ಟರೆ ಕಿತ್ತು ಮತ್ತೆ ಹಾಕಬಹುದು, ಬೋನ್ ಕೆಟ್ಟರೆ ಮುಂಭಾಗವೇ ಹೋಯಿತು. ನೀವು ಹೇಳುತ್ತಿರುವುದು ಅಂದದ ಮಾತು, ಅವರು ಕೇಳುತ್ತಿರುವುದು ಅಪಾಯದ ಮಾತು. ಜೊತೆಗೆ ಆರತಕ್ಷತೆಯ ಕೋಟಿಗೆ ಪ್ಯಾಚ್ ಒಪ್ಪುವುದೂ ಇಲ್ಲ, ಅದು ಲಿನನ್ ಕೋಟಿಗೆ, ಹಗಲಿನ ತಿರುಗಾಟಕ್ಕೆ. ಕಡುನೀಲಿ ಟೆರಿವೂಲಿಗೆ ಬೋನ್ ಫ್ಲ್ಯಾಪ್ ಇರಲಿ. ಇನ್ನೂ ಗಂಭೀರವಾಗಿ ಬೇಕಿದ್ದರೆ ಫ್ಲ್ಯಾಪನ್ನೇ ಬಿಟ್ಟು ಬರಿಯ ಬೋನ್. ರಾತ್ರಿಯ ಔತಣದ ಕಪ್ಪು ಕೋಟುಗಳಿಗೆ ಹಾಗೆಯೇ ಇರುತ್ತದೆ.

ತುಂಗಾತೀರ (ಶಿವಮೊಗ್ಗ)
ಸರಿ, ಬೋನ್ ಮತ್ತು ಫ್ಲ್ಯಾಪ್ ಎಂದು ತೀರ್ಮಾನಿಸಿದೆ. ಫ್ಲ್ಯಾಪಿಗೆ ಚೌಕಳಿ ಹೊಂದಿಸುವುದು ಹೇಗೆ? ಮತ್ತೆ ಆ ಮೂಲೆ! ಅದನ್ನು ಯಾರೂ ಹೇಳಲೇ ಇಲ್ಲ.

ಎರಡೆಳೆ (ಮೈಸೂರು)
ಮೂಲೆ ನನ್ನ ಪಾಲಿಗಿರಲಿ.

ಮೊದಲು ಬೋನ್ ಪಟ್ಟಿಗಳನ್ನು ಹಿಡಿಯುವ ಎರಡು ಹೊಲಿಗೆ ಗೆರೆಗಳು. ಜೇಬಿನ ಗೆರೆಯ ಮೇಲೆ ಕಾಲಿಂಚು, ಕೆಳಗೆ ಕಾಲಿಂಚು. ಎರಡೂ ಒಂದೇ ಕಡೆ ಶುರುವಾಗಿ ಒಂದೇ ಕಡೆ ನಿಲ್ಲಬೇಕು. ಸೀಮೆಸುಣ್ಣದ ಗೆರೆಯನ್ನು ನಂಬಬೇಡಿ, ಅದೇ ಒಂದು ನೂಲು ದಪ್ಪ ಇರುತ್ತದೆ. ತುದಿಗಳಲ್ಲಿ ಬಿಳಿ ದಾರದಿಂದ ಗುರುತಿನ ಹೊಲಿಗೆ ಹಾಕಿಕೊಳ್ಳಿ. ಕೊನೆಯ ಅರ್ಧ ಇಂಚು ಯಂತ್ರದ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಹೊಲಿಗೆ ಚಿಕ್ಕದು ಮಾಡಿ, ಹಿಂದೆ ಮುಂದೆ ಎರಡು ಸಲ ಓಡಿಸಿ ಗಟ್ಟಿ ಮಾಡಿ. ಹೊಲಿದ ಮೇಲೆ ಬಟ್ಟೆ ತಿರುಗಿಸಿ ಹಿಂಬದಿಯಿಂದ ನೋಡಿ. ಎರಡು ಗೆರೆ ರೈಲು ಹಳಿಯಂತೆ ಕಾಣಬೇಕು. ಒಂದು ತುದಿ ಮುಂದೆ ಹೋಗಿದ್ದರೆ ಈಗಲೇ ಬಿಚ್ಚಿ, ಇನ್ನೂ ಕತ್ತರಿಸಿಲ್ಲ, ಏನೂ ಕೆಟ್ಟಿಲ್ಲ.

ಆಮೇಲೆ ನಡುವಿನ ಗೆರೆಯಲ್ಲಿ ಕತ್ತರಿಸುತ್ತಾ ಹೋಗಿ, ತುದಿಗೆ ಅರ್ಧ ಇಂಚು ಇರುವಾಗ ನಿಲ್ಲಿ. ಬೋನ್ ಪಟ್ಟಿಗಳನ್ನು ಎರಡೂ ಕಡೆಗೆ ಮಡಿಸಿ ಹಿಡಿಯಿರಿ, ಅವುಗಳಿಗೆ ಕತ್ತರಿ ತಾಗಬಾರದು. ಈಗ ಚೂಪು ಮೊನೆಯ ಚಿಕ್ಕ ಕತ್ತರಿ. ಅಲ್ಲಿಂದ ಓರೆಯಾಗಿ ಮೇಲಿನ ಗೆರೆಯ ಕೊನೆಯ ಹೊಲಿಗೆಗೆ, ಮತ್ತೆ ಓರೆಯಾಗಿ ಕೆಳಗಿನ ಗೆರೆಯ ಕೊನೆಯ ಹೊಲಿಗೆಗೆ. ಒಂದು ಎಳೆ ಮೊದಲೇ ನಿಂತರೆ ಒಳಕ್ಕೆ ತಿರುಗಿಸಿದಾಗ ಮೂಲೆ ಸುಕ್ಕಾಗುತ್ತದೆ. ಒಂದು ಎಳೆ ಮುಂದೆ ಹೋದರೆ ತೂತು. ಕತ್ತರಿಯ ಮೊನೆಯನ್ನೇ ಕೊನೆಯ ಹೊಲಿಗೆಯ ಪಕ್ಕ ಇಟ್ಟು ಮುಚ್ಚಿ. ಮೊನೆ ಮೊದಲೇ ಅಲ್ಲಿದ್ದರೆ ಮುಂದೆ ಜಾರಲು ಜಾಗವಿರುವುದಿಲ್ಲ.

ಸುಕ್ಕು ಬಂದರೆ ಇನ್ನೊಂದು ಎಳೆ ಕತ್ತರಿಸಬಹುದು. ತೂತಾದರೆ ರಫು ಮಾಡುವವರನ್ನು ಹುಡುಕಿಕೊಂಡು ಹೋಗಬೇಕು. ಅನುಮಾನ ಬಂದರೆ ಸುಕ್ಕಿನ ಕಡೆಗೇ ಇರಿ.

ಬೆಣ್ಣೆದೋಸೆ
ಇಷ್ಟು ಬಿಡಿಸಿ ಹೇಳಿದವರನ್ನು ನೋಡಿಲ್ಲ. ಉಳಿಸಿಟ್ಟುಕೊಂಡೆ.

ಪೀಣ್ಯ ಪಾಳಿ
ಸೇರಿಸುವುದೊಂದಿದೆ. ಕತ್ತರಿಸಿದ ಮೇಲೆ ಬೋನ್ ಹೊಲಿಗೆಯನ್ನು ಮೊದಲು ಬಿಡಿಸಿ ಇಸ್ತ್ರಿ ಹಾಕಿ, ನಂತರ ಪಟ್ಟಿಯನ್ನು ಆ ಅಂಚಿನ ಮೇಲೆ ಸುತ್ತಿ ತುಟಿ ಮಾಡಿ. ನೇರವಾಗಿ ಸುತ್ತಿದರೆ ಎಲ್ಲ ಪದರವೂ ಒಂದೇ ಕಡೆ ಕೂಡಿ ಉಬ್ಬುತ್ತದೆ. ಎರಡು ತುಟಿಯನ್ನೂ ಓರೆ ಟಾಕಿನಿಂದ ಮುಚ್ಚಿ, ತ್ರಿಕೋನವನ್ನು ಒಳಗೆಳೆದು ಪಟ್ಟಿಯ ತುದಿಗೆ ಹೊಲಿಯಿರಿ. ಇಸ್ತ್ರಿ ಹಾಕುವಾಗ ಮೇಲೆ ಒದ್ದೆ ಬಟ್ಟೆ ಕಡ್ಡಾಯ. ಟೆರಿವೂಲಿಗೆ ಬಿಸಿ ನೇರ ತಾಗಿದರೆ ಮಿರಮಿರ ಹೊಳೆಯುತ್ತದೆ, ಆ ಹೊಳಪು ಹೋಗುವುದಿಲ್ಲ.

ಹಳೆಯ ಸಿಂಗರ್ (ಹುಬ್ಬಳ್ಳಿ)
ಗೋಂದಿನವರು ಇದೊಂದನ್ನು ಸರಿ ಹೇಳಿದರು.

ಫ್ಲ್ಯಾಪಿನ ಚೌಕಳಿ: ಬೋನ್ ಮುಗಿದ ಮೇಲೆಯೇ ಫ್ಲ್ಯಾಪ್ ಕತ್ತರಿಸಬೇಕು, ಮೊದಲೇ ಅಲ್ಲ. ಉಳಿದ ಬಟ್ಟೆಯನ್ನು ಜೇಬಿನ ಮೇಲೆ ಹಾಸಿ, ಜೇಬಿನ ಕೆಳಗಿನ ಗೆರೆಗಳೊಡನೆ ಕೂಡಿಸಿ, ಅಲ್ಲೇ ಸುಣ್ಣದಲ್ಲಿ ಗುರುತು ಹಾಕಿ. ಗೆರೆ ಮುಂದಿನ ತುದಿಯಲ್ಲಿ ಕೂಡಿದರೆ ಸಾಕು. ಹಿಂದೆ ಡಾರ್ಟೂ ಪಕ್ಕದ ಹೊಲಿಗೆಯೂ ಬಟ್ಟೆಯನ್ನು ನುಂಗಿರುತ್ತವೆ, ಅಲ್ಲಿ ಕೂಡುವುದಿಲ್ಲ, ಅದಕ್ಕಾಗಿ ನಿದ್ದೆ ಕೆಡಬೇಡಿ. ಇಳಿಯುವ ಉದ್ದ 2 ಕಾಲು ಇಂಚು. ಅಗಲ ಬಾಯಿಗಿಂತ ಒಂದು ನೂಲು ಹೆಚ್ಚಿರಲಿ, ತುದಿಯಲ್ಲಿ ಸಂದು ಕಾಣುವುದಿಲ್ಲ. ಫ್ಲ್ಯಾಪಿನ ಒಳಪದರವನ್ನು ಒಂದು ನೂಲು ಚಿಕ್ಕದಾಗಿ ಕತ್ತರಿಸಿ, ಆಗ ಫ್ಲ್ಯಾಪ್ ಮೈಕಡೆ ಬಾಗುತ್ತದೆ. ಒಳಪದರ ದೊಡ್ಡದಾದರೆ ತುದಿ ಮೇಲೆದ್ದು ನಿಲ್ಲುತ್ತದೆ.

ನೀಲಿಹೂ (ಲಂಡನ್)
ಇಲ್ಲಿ ಸ್ಯಾವಿಲ್ ರೋ ಬೀದಿಯಲ್ಲಿ ನಡೆದರೆ ನೆಲಮಾಳಿಗೆಯ ಕಿಟಕಿಗಳಿಂದ ದರ್ಜಿಗಳು ಕೆಲಸ ಮಾಡುವುದು ಕಾಣಿಸುತ್ತದೆ. ಗಾಜಿಗೆ ಮೂಗು ಒತ್ತಿ ನೋಡುವವರಲ್ಲಿ ನಾನೂ ಒಬ್ಬಳು. ಮೇಷ್ಟ್ರು ಹೇಳಿದ ಅದೇ ಲಿನನ್ ಪಟ್ಟಿ, ಅದೇ ಅರ್ಧಚಂದ್ರ.

ಆದರೆ ನನ್ನ ಸಿಟ್ಟು ಬೇರೆ. ಗಂಡಸರ ಕೋಟಿಗೆ ಎದೆಯ ಮೇಲೊಂದು, ಕೆಳಗೆರಡು, ಒಳಗೆ ಎರಡು ಮೂರು. ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ಕೊಂಡ ಹೆಂಗಸರ ಕೋಟಿಗೆ ಬೋನ್ ಇದೆ, ಫ್ಲ್ಯಾಪ್ ಇದೆ, ಎತ್ತಿ ನೋಡಿದರೆ ಒಳಗೆ ಜೇಬೇ ಇಲ್ಲ. ಬರಿಯ ಅಲಂಕಾರ.

ಮಳೆಗಾಲ
ಹೌದು ಹೌದು! ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡಬೇಕು.

ಕಪ್ಪುಕೋಟು (ಬೆಂಗಳೂರು)
ನಮ್ಮ ಮಹಿಳಾ ಸಹೋದ್ಯೋಗಿಗಳ ದೂರೂ ಇದೇ. ಒಬ್ಬರು ದರ್ಜಿಯ ಮುಂದೆ ಕುಳಿತು, ಜೇಬು ಇಡದೆ ಕೂಲಿ ಕೊಡುವುದಿಲ್ಲ ಎಂದು ಹಟ ಹಿಡಿದು ಇಡಿಸಿಕೊಂಡರು.

ನೀಲಿಹೂ (ಲಂಡನ್)
ಹದಿನೆಂಟನೆಯ ಶತಮಾನದಲ್ಲಿ ಇಲ್ಲಿನ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ದಾರ ಕಟ್ಟಿ ಎರಡು ದೊಡ್ಡ ಚೀಲ ತೂಗಿಬಿಟ್ಟುಕೊಳ್ಳುತ್ತಿದ್ದರು, ಲಂಗದ ಪಕ್ಕದ ಸೀಳಿನಿಂದ ಕೈ ಹಾಕುತ್ತಿದ್ದರು. ಸಂಗ್ರಹಾಲಯದಲ್ಲಿ ನೋಡಿದರೆ ಕಸೂತಿ ಮಾಡಿದ ಆ ಚೀಲಗಳು ಈಗಿನ ಕೋಟಿನ ಜೇಬಿಗಿಂತ ದೊಡ್ಡವು.

ಬಯಲುಸೀಮೆ
ನಮ್ಮ ಅಜ್ಜಿಯ ಎಲೆಅಡಿಕೆ ಸಂಚಿ ಅದಕ್ಕಿಂತ ಏನು ಕಡಿಮೆ? ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತೀರಾ ಒಳಗಿನದರಲ್ಲಿ ದುಡ್ಡು. ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿದರೆ ಯಾರ ಕೈಗೂ ಸಿಗುವುದಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹೊರುತ್ತಿದ್ದ ಹೊನ್ನಮ್ಮ ಆ ಹೆಸರಿನಿಂದಲೇ ಕವಿಯಾಗಿ ಉಳಿದಳು.

ಮುಖ್ಯರಸ್ತೆ
ಹಳೆಯ ಮೈಸೂರಿನವರ ಕೋಟನ್ನು ಮರೆತಿರಿ. ಕಚ್ಚೆಪಂಚೆ, ತಲೆಗೆ ಪೇಟ, ಮೇಲೆ ಕತ್ತು ಮುಚ್ಚುವ ಉದ್ದ ಕೋಟು, ಅದರ ಜೇಬಿನಲ್ಲಿ ಸರಪಳಿಯ ಗಡಿಯಾರ. ಪಂಚೆಗೆ ಜೇಬಿಲ್ಲ, ಮನೆಯ ಕೀಲಿಯಿಂದ ನಶ್ಯದ ಡಬ್ಬಿಯವರೆಗೆ ಎಲ್ಲ ಕೋಟಿಗೇ. ನಮ್ಮ ತಾತನ ಕೋಟಿನ ಒಳಜೇಬು ಮೊಣಕೈವರೆಗೆ ಇಳಿಯುತ್ತಿತ್ತು.

ನಿರ್ವಾಹಕ
ಸಂಚಿಗೆ, ನಶ್ಯಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಕೋಟಿನ ಜೇಬು ಮಾತ್ರ.

ಬಯಲುಸೀಮೆ
ಕೋಟಿನದೇ ಕೇಳುತ್ತೇನೆ ಸ್ವಾಮಿ. ಚಳ್ಳಕೆರೆ ಕಡೆಯ ಕರಿ ಕಂಬಳಿಯಲ್ಲಿ ಒಂದು ಕೋಟು ಹೊಲಿಸಬೇಕೆಂದಿದ್ದೇನೆ. ಹುಣಸೆಬೀಜದ ಗಂಜಿ ಹಾಕಿದ ಕಂಬಳಿ, ಮುಟ್ಟಿದರೆ ಚುಚ್ಚುತ್ತದೆ, ನಿಲ್ಲಿಸಿದರೆ ನಿಂತುಕೊಳ್ಳುತ್ತದೆ. ಇದಕ್ಕೆ ಬೋನ್ ಬರುತ್ತದೆಯೇ?

ಎರಡೆಳೆ (ಮೈಸೂರು)
ಕತ್ತರಿಸುವ ಮೊದಲು ಗಂಜಿ ಹೋಗುವಂತೆ ನೆನೆಸಿ ಒಣಗಿಸಿ. ಉಣ್ಣೆ ಎಷ್ಟು ಕುಗ್ಗಬೇಕೋ ಆಗಲೇ ಕುಗ್ಗಲಿ. ಕಂಬಳಿಯಲ್ಲೇ ಬೋನ್ ಮಾಡಿದರೆ ತುಟಿ ಹೆಬ್ಬೆರಳು ದಪ್ಪ ಆಗುತ್ತದೆ. ಪ್ಯಾಚ್ ಹಾಕಿ, ಇಲ್ಲವೇ ಬೋನ್ ಪಟ್ಟಿಗೆ ಬೇರೆ ತೆಳು ಬಟ್ಟೆ ಬಳಸಿ. ಕರಿಯ ಮೇಲೆ ಇಳಕಲ್ ಸೀರೆಯ ಅಂಚಿನ ಕೆಂಪು ಪಟ್ಟಿ ಇಟ್ಟು ನೋಡಿ.

ಮಳೆಗಾಲ
ನೋಡಿದಿರಾ, ಪ್ಯಾಚ್ ಕೊನೆಗೂ ಗೆದ್ದಿತು.

ಬಯಲುಸೀಮೆ
ಕೆಂಪು ಪಟ್ಟಿಯ ಮಾತು ಹಿಡಿಸಿತು. ಹಳೆಯ ಸೀರೆಯೊಂದಿದೆ, ಅಮ್ಮನನ್ನು ಒಪ್ಪಿಸಬೇಕು.

ತುಂಗಾತೀರ (ಶಿವಮೊಗ್ಗ)
ನಿನ್ನೆ ರಾತ್ರಿ ಚಿಂದಿಬಟ್ಟೆಯಲ್ಲಿ ಮಾಡಿ ನೋಡಿದೆ. ಎರಡೆಳೆಯವರು ಹೇಳಿದಂತೆ ಕತ್ತರಿಯ ಮೊನೆ ಮೊದಲು ಇಟ್ಟು ಮುಚ್ಚಿದೆ, ಮೂಲೆ ಚೊಕ್ಕವಾಗಿ ಬಂತು. ಇನ್ನು ಎದೆಯ ಜೇಬು ಮತ್ತು ಒಳಜೇಬು. ಎದೆಯದಕ್ಕೂ ಬೋನೇ?

ಹಳೆಯ ಸಿಂಗರ್ (ಹುಬ್ಬಳ್ಳಿ)
ಅಲ್ಲ ತಂಗೀ. ಎದೆಗೆ ಒಂದೇ ಪಟ್ಟಿಯ ವೆಲ್ಟ್. ಎಡಗಡೆ ಮಾತ್ರ. ಉದ್ದ 4 ಇಂಚು, ಎತ್ತರ ಒಂದಿಂಚು. ತೋಳಿನ ಕಡೆಯ ತುದಿ ಅರ್ಧದಿಂದ ಮುಕ್ಕಾಲು ಇಂಚು ಮೇಲೆ, ಓರೆಯಾಗಿ. ತೋಳಿನ ಹೊಲಿಗೆಯಿಂದ ಒಂದೂವರೆ ಇಂಚು ಬಿಡಿ, ಹತ್ತಿರ ಇಟ್ಟರೆ ತೋಳು ಮುಚ್ಚಿಬಿಡುತ್ತದೆ. ಪಟ್ಟಿ ಓರೆಯಾಗಿದ್ದರೂ ಅದರ ಎರಡು ಪಕ್ಕ ಲಂಬವಾಗಿ, ಬಟ್ಟೆಯ ಎಳೆಯ ನೇರಕ್ಕೇ ಇರಬೇಕು. ಇದರಲ್ಲಿ ಚೌಕಳಿ ಪೂರ್ತಿ ಕೂಡಬೇಕು, ಇಲ್ಲಿ ರಿಯಾಯಿತಿ ಇಲ್ಲ, ಮಾತಾಡುವವರ ಕಣ್ಣು ಬೀಳುವ ಜಾಗ. ಪಕ್ಕಗಳನ್ನು ಯಂತ್ರದಲ್ಲಿ ಹೊಲಿಯಬೇಡಿ, ಕೈಯಲ್ಲಿ ಕಾಣದ ಹೊಲಿಗೆ ಹಾಕಿ.

ನೀಲಿಹೂ (ಲಂಡನ್)
ನೇಪಲ್ಸ್‌ನ ದರ್ಜಿಗಳು ಇದನ್ನೇ ದೋಣಿಯ ತಳದಂತೆ ತುಸು ಬಾಗಿಸುತ್ತಾರೆ. ತೊಟ್ಟಾಗ ಎದೆಯ ದುಂಡಿಗೆ ಸೊಗಸಾಗಿ ಹೊಂದುತ್ತದೆ.

ಹಳೆಯ ಸಿಂಗರ್ (ಹುಬ್ಬಳ್ಳಿ)
ಮೊದಲು ನೇರ ಬರಲಿ, ಆಮೇಲೆ ದೋಣಿ.

ಪೀಣ್ಯ ಪಾಳಿ
ಒಳಜೇಬಿಗೆ ಹಳೆಯ ಅಳತೆಪಟ್ಟಿ ನೋಡಬೇಡಿ. ಈಗಿನ ಮೊಬೈಲ್ 16 ಸೆಂಟಿಮೀಟರ್ ಉದ್ದ, ಏಳೂವರೆ ಅಗಲ. ಬಾಯಿ ಐದೂವರೆ ಇಂಚು, ಆಳ 7 ಇಂಚು ಇರಲಿ. ಲೈನಿಂಗ್ ಬಟ್ಟೆಯಲ್ಲಿ ಮಾತ್ರ ಬಾಯಿ ಕತ್ತರಿಸಬೇಡಿ, ಫೇಸಿಂಗ್ (ಮುಂಭಾಗದ ಅಂಚಿಗೆ ಒಳಗಿನಿಂದ ಬರುವ ಕೋಟಿನದೇ ಬಟ್ಟೆ) ತುಂಡೊಂದನ್ನು ಚಾಚಿ ಅದರ ಮೇಲೆ ಮಾಡಿ. ಲೈನಿಂಗ್ ಒಂದೇ ಆದರೆ ಹರಿಯುತ್ತದೆ. ಚೀಲಕ್ಕೆ ಹತ್ತಿಯ ಪಾಕೆಟಿಂಗ್ ಬಟ್ಟೆ, ಒತ್ತಾದ ನೇಯ್ಗೆಯದು. ಚಿಕ್ಕಪೇಟೆಯ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ. ಕೆಳಜೇಬಿನ ಚೀಲ ಕೋಟಿನ ಕೆಳಮಡಿಕೆಗಿಂತ ಮೇಲೆಯೇ ನಿಲ್ಲಬೇಕು, ಮೊದಲೇ ಅಳೆದುಕೊಳ್ಳಿ.

ಮುಖ್ಯರಸ್ತೆ
ಮದುಮಗನ ಕೋಟಿಗೆ ಒಳಜೇಬು ಎಷ್ಟಿದ್ದರೂ ಸಾಲದು. ಮುಯ್ಯಿಯ ಕವರು ಎಲ್ಲಿಡುತ್ತಾನೆ?

ಬೆಣ್ಣೆದೋಸೆ
ಹ್ಹ ಹ್ಹ! ನಮ್ಮ ಭಾವ ಆರತಕ್ಷತೆಯಲ್ಲಿ ಕವರುಗಳನ್ನು ಎರಡೂ ಕಡೆ ತುರುಕಿಕೊಂಡು, ಫೋಟೊದಲ್ಲಿ ಗೋದಿ ಮೂಟೆ ಹೊತ್ತವರಂತೆ ನಿಂತಿದ್ದರು.

ಹಳೆಯ ಸಿಂಗರ್ (ಹುಬ್ಬಳ್ಳಿ)
ಕವರಿಗೆ ಸೋದರತ್ತೆಯ ವ್ಯಾನಿಟಿ ಬ್ಯಾಗು ಇದೆ. ಕೆಳಜೇಬುಗಳ ಬಾಯಿಗೆ ಹಾಕಿದ ಓರೆ ಟಾಕನ್ನು ಆರತಕ್ಷತೆ ಮುಗಿಯುವವರೆಗೆ ಬಿಚ್ಚಲೇಬೇಡಿ. ಫೋಟೊದಲ್ಲಿ ಬೋನ್ ಮುಚ್ಚಿಕೊಂಡು ನೇರ ನಿಲ್ಲುತ್ತದೆ.

ಕಪ್ಪುಕೋಟು (ಬೆಂಗಳೂರು)
ತೀವ್ರ ಆಕ್ಷೇಪಣೆ. ತೆರೆಯದ ಜೇಬಿಗೂ ನೀಲಿಹೂ ಅವರು ಬೈದ ಅಲಂಕಾರದ ಜೇಬಿಗೂ ಏನು ವ್ಯತ್ಯಾಸ?

ನೀಲಿಹೂ (ಲಂಡನ್)
ಟಾಕು ಬಿಚ್ಚಿದರೆ ಒಳಗೆ ಜೇಬು ಸಿಗುತ್ತದೆ, ಅದೇ ವ್ಯತ್ಯಾಸ. ಮೇಷ್ಟ್ರ ಪರ ನನ್ನ ಮತ.

ತುಂಗಾತೀರ (ಶಿವಮೊಗ್ಗ)
ತಮ್ಮನಿಗೆ ಓದಿ ಹೇಳಿದೆ. ಕರವಸ್ತ್ರಕ್ಕೆ ಬಲಗಡೆಯದು ಬೇಕೇ ಬೇಕಂತೆ. ಎಡಗಡೆ ಟಾಕು ಬಿಡುತ್ತೇನೆ, ಬಲಗಡೆ ತೆರೆಯುತ್ತೇನೆ. ಮೇಷ್ಟ್ರೇ, ಫ್ಲ್ಯಾಪನ್ನು ಒಳಗೆ ಸೇರಿಸಿ ತೊಡುವುದೋ, ಹೊರಗೆ ಬಿಡುವುದೋ?

ಹಳೆಯ ಸಿಂಗರ್ (ಹುಬ್ಬಳ್ಳಿ)
ಎರಡು ಬೋನ್ ಇರುವುದರಿಂದ ಹೇಗೂ ಆಗುತ್ತದೆ, ಒಳಗೆ ಸೇರಿಸಿದರೂ ಬಾಯಿ ಚೊಕ್ಕವಾಗಿ ಕಾಣುತ್ತದೆ. ಆದರೆ ಎರಡೂ ಕಡೆ ಒಂದೇ ರೀತಿ ಇರಲಿ. ಎಡಗಡೆ ಟಾಕು ಇರುವುದರಿಂದ ಅಲ್ಲಿ ಫ್ಲ್ಯಾಪ್ ಹೊರಗೇ ಉಳಿಯುತ್ತದೆ, ಬಲಗಡೆಯದನ್ನೂ ಹೊರಗೇ ಬಿಡಿ. ಕರವಸ್ತ್ರ ತೆಗೆದಾಗಲೆಲ್ಲ ಅದು ಅರ್ಧ ಒಳಗೆ ಮಡಿಸಿಕೊಳ್ಳುತ್ತದೆ, ಫೋಟೊದವರ ಪಕ್ಕ ಯಾರನ್ನಾದರೂ ನಿಲ್ಲಿಸಿ.

ಮಳೆಗಾಲ
ಆ ಕೆಲಸಕ್ಕೆ ಸೋದರತ್ತೆಯೇ ಸರಿ. ಹೇಗೂ ಬ್ಯಾಗು ಹಿಡಿದು ಅಲ್ಲೇ ನಿಂತಿರುತ್ತಾರೆ.